ದೀರ್ಘಕಾಲದ ಹೆಪಟೈಟಿಸ್ ಬಿ: ಕಾಯುವುದೇ, ಔಷಧ ಆರಂಭಿಸುವುದೇ, ಆರಂಭಿಸುವುದಾದರೆ ಯಾವುದನ್ನು?

ರಕ್ತದಾನಕ್ಕೆಂದೋ, ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಗೆಂದೋ, ಗರ್ಭಿಣಿಯರ ಮೊದಲ ಪರೀಕ್ಷೆಗೆಂದೋ ರಕ್ತ ಕೊಟ್ಟಾಗ ವರದಿಯಲ್ಲಿ ‘ಎಚ್‌ಬಿಎಸ್ ಆಂಟಿಜೆನ್ ಪಾಸಿಟಿವ್’ ಎಂಬ ಸಾಲು ಕಂಡು ತಮಗೆ ಹೆಪಟೈಟಿಸ್ ಬಿ ಸೋಂಕು ಇದೆಯೆಂದು ತಿಳಿಯುವವರೇ ಹೆಚ್ಚು. ಎಚ್‌ಬಿಎಸ್ ಆಂಟಿಜೆನ್ ಎಂದರೆ ಈ ವೈರಾಣುವಿನ ಹೊರಮೈಯ ಪ್ರೋಟೀನು; ವೈರಾಣು ದೇಹದಲ್ಲಿದೆ ಎಂಬುದನ್ನಷ್ಟೇ ಆ ಸಾಲು ಹೇಳುತ್ತದೆ. ಯಕೃತ್ತು ಎಷ್ಟು ಹಾಳಾಗಿದೆ, ಔಷಧ ಬೇಕೋ ಬೇಡವೋ ಎಂಬುದು ಅದರಲ್ಲಿ ಇರುವುದಿಲ್ಲ. 22 ವರ್ಷದ ಒಬ್ಬರ ರಕ್ತದ ಪ್ರತಿ ಮಿಲಿಲೀಟರಿನಲ್ಲಿ ಕೋಟಿಗಟ್ಟಲೆ ವೈರಾಣುಗಳಿದ್ದೂ ಯಕೃತ್ತು ಮೆತ್ತಗೆ ಆರೋಗ್ಯವಾಗಿರಬಹುದು. 50 ವರ್ಷದ ಇನ್ನೊಬ್ಬರಲ್ಲಿ ಕೆಲವೇ ಸಾವಿರ ವೈರಾಣುಗಳಿದ್ದರೂ ಯಕೃತ್ತು ಆಗಲೇ ನಾರುಗಟ್ಟಿ ಗಡುಸಾಗುವ ಸಿರೋಸಿಸ್ ಹಂತಕ್ಕೆ ಬಂದಿರಬಹುದು. ಔಷಧ ಬೇಗ ಬೇಕಾಗಿರುವುದು ಈ ಎರಡನೆಯವರಿಗೆ. ಮೇಲ್ನೋಟಕ್ಕೆ ತಲೆಕೆಳಗಾದಂತೆ ಕಾಣುವ ಈ ಲೆಕ್ಕಕ್ಕೆ ಕಾರಣವಿದೆ. ಈ ವೈರಾಣು ಯಕೃತ್ತಿನ ಕೋಶಗಳನ್ನು ತಾನೇ ನೇರವಾಗಿ ಕೊಲ್ಲುವುದು ಕಡಿಮೆ. ಅದು ಅಡಗಿರುವ ಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ಮತ್ತೆ ಮತ್ತೆ ಎರಗುವುದರಿಂದ ಉರಿಯೂತ ಉಂಟಾಗುತ್ತದೆ, ಆ ಗಾಯಗಳು ಮಾಯುತ್ತಾ ಯಕೃತ್ತು ನಾರುಗಟ್ಟುತ್ತದೆ. ಹಾಗಾಗಿ ಮುಂದೆ ಹೋಲಿಸುವ ಪ್ರತಿಯೊಂದು ಆಯ್ಕೆಯಲ್ಲೂ ವೈರಾಣುವಿನ ಸಂಖ್ಯೆಗಿಂತ ಯಕೃತ್ತಿನ ಸ್ಥಿತಿಗೆ, ಒಂದು ದಿನದ ವರದಿಗಿಂತ ಹಲವು ತಿಂಗಳ ವರದಿಗಳಿಗೆ ಹೆಚ್ಚು ತೂಕ ಕೊಟ್ಟಿದ್ದೇನೆ.

ಹೊಸ ಸೋಂಕೋ, ಹಳೆಯದೋ

ಎಚ್‌ಬಿಎಸ್ ಆಂಟಿಜೆನ್ 6 ತಿಂಗಳಿಗಿಂತ ಹೆಚ್ಚು ಕಾಲ ರಕ್ತದಲ್ಲಿ ಉಳಿದರೆ ಸೋಂಕು ದೀರ್ಘಕಾಲದ್ದು ಎಂದು ಪರಿಗಣಿಸುತ್ತಾರೆ. ಆರು ತಿಂಗಳು ಕಾಯದೆ ಅಂದಾಜು ಮಾಡಲು ವೈರಾಣುವಿನ ಒಳತಿರುಳಿನ ಪ್ರೋಟೀನಾದ ಕೋರ್ ಆಂಟಿಜೆನ್ನಿನ ವಿರುದ್ಧ ದೇಹ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯದ ಪರೀಕ್ಷೆ ನೆರವಾಗುತ್ತದೆ: ಅದು ಗಟ್ಟಿಯಾಗಿ ಪಾಸಿಟಿವ್ ಬಂದರೆ ಸೋಂಕು ಹೊಸದಾಗಿರುವ ಸಾಧ್ಯತೆ ಹೆಚ್ಚು. ಆದರೆ ಹಳೆಯ ಸೋಂಕು ದಿಢೀರನೆ ಕೆರಳಿದಾಗಲೂ ಇದು ಅಲ್ಪ ಪ್ರಮಾಣದಲ್ಲಿ ಕಾಣಿಸಿಕೊಳ್ಳುವುದುಂಟು, ಆದ್ದರಿಂದ ಇದೊಂದನ್ನೇ ನಂಬುವಂತಿಲ್ಲ.

ಸೋಂಕು ತಗುಲಿದ ವಯಸ್ಸೇ ಅದು ಉಳಿಯುವುದೋ ಹೋಗುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಸೋಂಕು ಪಡೆದ ಶಿಶುಗಳಲ್ಲಿ ಸುಮಾರು 90 ಶೇಕಡಾ ಮಂದಿಗೆ ಅದು ದೀರ್ಘಕಾಲ ಉಳಿದರೆ, ಆರೋಗ್ಯವಂತ ವಯಸ್ಕರಲ್ಲಿ ಆ ಪ್ರಮಾಣ 5 ಶೇಕಡಕ್ಕಿಂತಲೂ ಕಡಿಮೆ. ಈ ಅಂಕಿಗಳಿಗೆ ವೈದ್ಯಕೀಯದ ಆಚೆಗೂ ಒಂದು ಉಪಯೋಗವಿದೆ. ಪಾಸಿಟಿವ್ ವರದಿ ಬಂದ ದಿನ ದಂಪತಿಗಳ ನಡುವೆ ಏಳುವ ಅನುಮಾನಕ್ಕೆ ಅನೇಕ ವೇಳೆ ಆಧಾರವೇ ಇರುವುದಿಲ್ಲ. ಯಾವ ತೊಂದರೆಯೂ ಇಲ್ಲದೆ ಆಕಸ್ಮಿಕವಾಗಿ ಪತ್ತೆಯಾದ ದೀರ್ಘಕಾಲದ ಸೋಂಕು ಹುಟ್ಟಿನಲ್ಲೋ ಎಳೆಯ ಬಾಲ್ಯದಲ್ಲೋ ತಗುಲಿದ್ದಾಗಿರುವ ಸಾಧ್ಯತೆಯೇ ಸಾಮಾನ್ಯವಾಗಿ ಹೆಚ್ಚು. ಬಾಳಸಂಗಾತಿ ಮತ್ತು ಮಕ್ಕಳ ಜೊತೆಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಸೋಂಕಿಲ್ಲದವರಿಗೆ ಲಸಿಕೆ ಹಾಕಿಸಿದರೆ ಮನೆಯೊಳಗಿನ ಆತಂಕ ಅಲ್ಲಿಗೆ ಮುಗಿಯುತ್ತದೆ. ಒಟ್ಟಿಗೆ ಊಟ ಮಾಡುವುದರಿಂದಾಗಲಿ, ಅಪ್ಪಿಕೊಳ್ಳುವುದರಿಂದಾಗಲಿ ಈ ಸೋಂಕು ಹರಡುವುದಿಲ್ಲ. ರೇಜರು, ಹಲ್ಲುಜ್ಜುವ ಬ್ರಷ್ಷು, ಸೂಜಿಗಳನ್ನು ಮಾತ್ರ ಹಂಚಿಕೊಳ್ಳಬಾರದು.

ಯಾವ ಪರೀಕ್ಷೆ ಏನನ್ನು ಹೇಳುತ್ತದೆ

ಇ ಆಂಟಿಜೆನ್ (ವೈರಾಣು ವೃದ್ಧಿಯಾಗುವಾಗ ತಯಾರಿಸುವ ಒಂದು ಪ್ರೋಟೀನು) ಪರೀಕ್ಷೆ, ವೈರಾಣುವಿನ ಡಿಎನ್‌ಎ ಪ್ರಮಾಣ (ವೈರಲ್ ಲೋಡ್) ಮತ್ತು ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವ, ಈ ಮೂರೂ ಸೇರಿದಾಗಲೇ ಚಿತ್ರ ಮೂಡುತ್ತದೆ. ಇ ಆಂಟಿಜೆನ್ ನೆಗೆಟಿವ್ ಆದರೆ ವೈರಾಣು ಸುಮ್ಮನಾಗಿದೆ ಎಂಬ ತಿಳಿವಳಿಕೆ ಹಳೆಯದು ಮತ್ತು ಅಪಾಯಕಾರಿ. ಆ ಪ್ರೋಟೀನನ್ನು ತಯಾರಿಸದೆಯೇ ಚುರುಕಾಗಿ ವೃದ್ಧಿಯಾಗುವ ರೂಪಾಂತರಗಳು ಈ ವೈರಾಣುವಿನಲ್ಲಿ ಸಾಮಾನ್ಯ, ಅವುಗಳಿಂದ ಯಕೃತ್ತಿಗೆ ಆಗುವ ಹಾನಿ ಕಡಿಮೆಯೇನಲ್ಲ. ಆದ್ದರಿಂದ ಇ ಆಂಟಿಜೆನ್ ಮತ್ತು ಡಿಎನ್‌ಎ ಪರೀಕ್ಷೆಗಳಲ್ಲಿ ಒಂದನ್ನೇ ಆರಿಸಬೇಕಾದ ಪರಿಸ್ಥಿತಿ ಬಂದರೆ ಡಿಎನ್‌ಎ ಪರೀಕ್ಷೆಯನ್ನೇ ಆರಿಸಿಕೊಳ್ಳುವುದು ಮೇಲು. ಅದರ ಫಲಿತಾಂಶವನ್ನು ಪ್ರತಿ ಮಿಲಿಲೀಟರಿಗೆ ಇಷ್ಟು ಐಯು (ಅಂತರರಾಷ್ಟ್ರೀಯ ಮಾನ) ಎಂದು ಕೊಡುತ್ತಾರೆ. ಹಳೆಯ ವರದಿಗಳಲ್ಲಿ ‘ಕಾಪಿ’ಗಳ ಲೆಕ್ಕವಿದ್ದರೆ ಒಂದು ಐಯು ಎಂದರೆ ಸುಮಾರು 5ರಿಂದ 6 ಕಾಪಿ ಎಂದು ತಿಳಿಯಬೇಕು, ಇಲ್ಲದಿದ್ದರೆ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ವೈರಾಣು ಏಕಾಏಕಿ ಇಳಿದಂತೆಯೋ ಏರಿದಂತೆಯೋ ಭ್ರಮೆಯಾಗುತ್ತದೆ.

ಎಎಲ್‌ಟಿಯ ವಿಷಯದಲ್ಲಿ ‘ನಾರ್ಮಲ್’ ಎಂಬ ಪದವೇ ಚರ್ಚಾಸ್ಪದ. ಅನೇಕ ಪ್ರಯೋಗಾಲಯಗಳು 40ರವರೆಗೆ ಸಹಜ ಎಂದು ಮುದ್ರಿಸುತ್ತವೆ. ಅಮೆರಿಕದ ಯಕೃತ್ ತಜ್ಞರ ಸಂಘ 2018ರಲ್ಲಿ ಗಂಡಸರಿಗೆ 35, ಹೆಂಗಸರಿಗೆ 25 ಎಂದು ಮಿತಿ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಅದನ್ನು 30 ಮತ್ತು 19ಕ್ಕೆ ಇಳಿಸಿದೆ. ಅಂದರೆ 34 ಎಎಲ್‌ಟಿ ಇರುವ ಮಹಿಳೆಯೊಬ್ಬರು ಒಂದು ಅಳತೆಯಲ್ಲಿ ಆರೋಗ್ಯವಂತರು, ಮತ್ತೊಂದರಲ್ಲಿ ಚಿಕಿತ್ಸೆಯ ಹೊಸ್ತಿಲಲ್ಲಿರುವವರು. ಅಲ್ಲದೆ ಕೊಬ್ಬಿನ ಯಕೃತ್ತು, ಮದ್ಯ, ಕೆಲವು ಔಷಧಗಳು ಮತ್ತು ಕಷಾಯಗಳಿಂದಲೂ ಎಎಲ್‌ಟಿ ಏರುತ್ತದೆ; ಏರಿದ್ದಕ್ಕೆಲ್ಲ ವೈರಾಣುವೇ ಕಾರಣವೆನ್ನಲಾಗದು. ಮೊದಲ ತಪಾಸಣೆಯಲ್ಲೇ ಎಚ್‌ಐವಿ, ಹೆಪಟೈಟಿಸ್ ಸಿ ಮತ್ತು ಹೆಪಟೈಟಿಸ್ ಡಿ ಇವೆಯೇ ಎಂದು ನೋಡಿ, ಮೂತ್ರಪಿಂಡದ ಕ್ರಿಯೆ ಮತ್ತು ಪ್ಲೇಟ್‌ಲೆಟ್ ಎಣಿಕೆಯನ್ನೂ ದಾಖಲಿಸಿಕೊಂಡರೆ ಮುಂದಿನ ಆಯ್ಕೆಗಳೆಲ್ಲ ಸುಲಭವಾಗುತ್ತವೆ.

ನಾರುಗಟ್ಟುವಿಕೆಯನ್ನು ಅಳೆಯುವ ಮೂರು ದಾರಿ

ಒಂದು ಕಾಲದಲ್ಲಿ ಸೂಜಿಯಿಂದ ಯಕೃತ್ತಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೊಂದೇ ದಾರಿಯಾಗಿತ್ತು. ಉರಿಯೂತವನ್ನೂ ನಾರನ್ನೂ ಕಣ್ಣಾರೆ ತೋರಿಸುವ ಪರೀಕ್ಷೆ ಇಂದಿಗೂ ಅದೇ ಆದರೂ, ಸೂಜಿಗೆ ಸಿಗುವುದು ಇಡೀ ಅಂಗದ ಸುಮಾರು 50,000ದಲ್ಲಿ ಒಂದು ಭಾಗ ಮಾತ್ರ. ನೋವು ಮತ್ತು ಅಪರೂಪಕ್ಕೆ ರಕ್ತಸ್ರಾವದ ಅಪಾಯವಿರುವುದರಿಂದ ಅದನ್ನು ಪದೇ ಪದೇ ಮಾಡಿಸಲೂ ಆಗದು. ಫೈಬ್ರೊಸ್ಕ್ಯಾನ್ ಎಂದು ಜನರಿಗೆ ಪರಿಚಿತವಾದ ಎಲಾಸ್ಟೊಗ್ರಫಿ ಯಕೃತ್ತಿನ ಬಿಗುವನ್ನು ಕಿಲೊಪಾಸ್ಕಲ್‌ಗಳಲ್ಲಿ ಅಳೆಯುತ್ತದೆ; ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ, ವರ್ಷ ವರ್ಷವೂ ಹೋಲಿಸಿ ನೋಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 7 ಕಿಲೊಪಾಸ್ಕಲ್ ಮೀರಿದರೆ ಗಣನೀಯ ನಾರುಗಟ್ಟುವಿಕೆ, 12.5 ಮೀರಿದರೆ ಸಿರೋಸಿಸ್ ಎಂದು ಭಾವಿಸಬಹುದು. ಆದರೆ ಇದಕ್ಕೆ ಎರಡು ಎಚ್ಚರಿಕೆಗಳಿವೆ. ಕೆಲವು ಗಂಟೆ ಹಸಿದಿದ್ದು ಮಾಡಿಸದಿದ್ದರೆ ಅಳತೆ ಹೆಚ್ಚು ಬರುತ್ತದೆ. ಎಎಲ್‌ಟಿ ಬಹಳ ಏರಿರುವಾಗ ಮಾಡಿಸಿದರೆ ಉರಿಯೂತದ ಊತವೇ ನಾರಿನಂತೆ ತೋರಿ, ಇಲ್ಲದ ಸಿರೋಸಿಸ್ ವರದಿಯಲ್ಲಿ ಬಂದುಬಿಡುತ್ತದೆ.

ಯಂತ್ರ ಕೈಗೆಟುಕದ ಕಡೆ ಎಪಿಆರ್‌ಐ ಸೂಚ್ಯಂಕವಿದೆ. ಎಎಸ್‌ಟಿಯನ್ನು (ಯಕೃತ್ತಿನ ಇನ್ನೊಂದು ಕಿಣ್ವ) ಅದರ ಸಹಜ ಮಿತಿಯಿಂದ ಭಾಗಿಸಿ, ಬಂದದ್ದನ್ನು 100ರಿಂದ ಗುಣಿಸಿ, ಸಾವಿರಗಳ ಲೆಕ್ಕದಲ್ಲಿರುವ ಪ್ಲೇಟ್‌ಲೆಟ್ ಎಣಿಕೆಯಿಂದ ಭಾಗಿಸಿದರಾಯಿತು. ಉದಾಹರಣೆಗೆ ಎಎಸ್‌ಟಿ 60, ಮಿತಿ 40, ಪ್ಲೇಟ್‌ಲೆಟ್ 1,50,000 ಇದ್ದರೆ ಸೂಚ್ಯಂಕ 1.0 ಆಗುತ್ತದೆ. ವಯಸ್ಕರಲ್ಲಿ 0.5 ದಾಟಿದರೆ ಗಣನೀಯ ನಾರು, 1 ದಾಟಿದರೆ ಸಿರೋಸಿಸ್ ಇರಬಹುದೆಂಬ ಸೂಚನೆ. ಇದು ಒರಟು ಅಳತೆ, ನಿಜ. ಆದರೂ ಸಾಮಾನ್ಯ ರಕ್ತಪರೀಕ್ಷೆಯಿಂದಲೇ ಸಿಗುವಂಥದ್ದು. ನನ್ನ ಅಭಿಪ್ರಾಯದಲ್ಲಿ ಫೈಬ್ರೊಸ್ಕ್ಯಾನ್ ಲಭ್ಯವಿರುವ ಕಡೆ ಅದನ್ನೂ ಸೂಚ್ಯಂಕವನ್ನೂ ಒಟ್ಟಿಗೆ ನೋಡಿ, ಎರಡೂ ಒಂದಕ್ಕೊಂದು ತಾಳೆಯಾಗದಿದ್ದಾಗ ಇಲ್ಲವೇ ಯಕೃತ್ತಿಗೆ ಬೇರೆ ಕಾಯಿಲೆಯೂ ಇರುವ ಶಂಕೆ ಬಂದಾಗ ಮಾತ್ರ ಬಯಾಪ್ಸಿಯತ್ತ ಹೋಗುವುದು ಸರಿ.

ಕಾಯುವುದು ಮತ್ತು ಆರಂಭಿಸುವುದು

ಕೆಲವರ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಸಿರೋಸಿಸ್ ಇರುವವರಿಗೆ, ಹೊಟ್ಟೆಯಲ್ಲಿ ನೀರು ತುಂಬಿ ಅಥವಾ ಕಾಮಾಲೆ ಕಾಣಿಸಿಕೊಂಡು ಯಕೃತ್ತು ಸೋಲುತ್ತಿರುವವರಿಗೆ, ಎಚ್‌ಐವಿಯೂ ಇರುವವರಿಗೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಚಿಕಿತ್ಸೆಗೆ ಒಳಗಾಗಲಿರುವವರಿಗೆ ಔಷಧ ಬೇಕು. ಅದೇ ರೀತಿ ಡಿಎನ್‌ಎ 20,000 ಐಯು ದಾಟಿ, ಎಎಲ್‌ಟಿ ಮಿತಿಯ ಎರಡು ಪಟ್ಟನ್ನು ಮೀರಿ ಹಲವು ತಿಂಗಳು ಹಾಗೆಯೇ ಉಳಿದವರಿಗೂ ಎಲ್ಲ ಮಾರ್ಗಸೂಚಿಗಳು ಚಿಕಿತ್ಸೆಯನ್ನೇ ಹೇಳುತ್ತವೆ.

ಇನ್ನೊಂದು ತುದಿಯಲ್ಲಿ ಇ ಆಂಟಿಜೆನ್ ನೆಗೆಟಿವ್ ಆಗಿದ್ದು, ಡಿಎನ್‌ಎ 2,000 ಐಯುಗಿಂತ ಕಡಿಮೆ, ಎಎಲ್‌ಟಿ ಸಹಜ, ಯಕೃತ್ತು ಮೆತ್ತಗೆ ಇರುವವರಿದ್ದಾರೆ. ಇವರನ್ನು ಹಿಂದೆ ‘ನಿಷ್ಕ್ರಿಯ ವಾಹಕರು’ ಎನ್ನುತ್ತಿದ್ದರು. ಕುಟುಂಬದಲ್ಲಿ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಂಡಿರುವಂಥ ಬೇರೆ ಅಪಾಯ ಇಲ್ಲದಿದ್ದರೆ ಇವರು ಕಾಯಬಹುದು. ಹಾಗೆಂದು ಒಂದೇ ಬಾರಿಯ ಪರೀಕ್ಷೆಯಿಂದ ಯಾರಿಗೂ ಆ ಹಣೆಪಟ್ಟಿ ಅಂಟಿಸಬಾರದು. ಈ ಸೋಂಕಿನ ಸ್ವಭಾವವೇ ಏರಿಳಿತದ್ದು; ಮೊದಲ ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಎಎಲ್‌ಟಿ ಮತ್ತು ಡಿಎನ್‌ಎ ನೋಡಿ, ಎಲ್ಲವೂ ತಗ್ಗಿನಲ್ಲೇ ಉಳಿದರೆ ಮಾತ್ರ ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಎಂದು ಅಂತರ ಹೆಚ್ಚಿಸಬಹುದು.

ನಡುವೆ ಉಳಿಯುವುದು ದೊಡ್ಡದೊಂದು ಬೂದುಬಣ್ಣದ ವಲಯ: ಡಿಎನ್‌ಎ 2,000 ಮೀರಿದ್ದರೂ ಎಎಲ್‌ಟಿ ಸಹಜವಾಗಿರುವವರು, ಡಿಎನ್‌ಎ ಕಡಿಮೆಯಿದ್ದರೂ ಎಎಲ್‌ಟಿ ಏರಿರುವವರು, ಕೋಟಿಗಟ್ಟಲೆ ವೈರಾಣುಗಳಿದ್ದೂ ಎಎಲ್‌ಟಿ ಸಹಜವಾಗಿರುವ ಯುವಜನರು. 2024ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಲಯದ ಬಹುಭಾಗವನ್ನು ಚಿಕಿತ್ಸೆಯ ಪಾಲಿಗೆ ಸೇರಿಸಿತು. ಡಿಎನ್‌ಎ ಮತ್ತು ಎಎಲ್‌ಟಿ ಎಷ್ಟೇ ಇದ್ದರೂ ಗಣನೀಯ ನಾರು ಇರಲಿ, ಡಿಎನ್‌ಎ 2,000 ಮೀರಿ ಎಎಲ್‌ಟಿ ಹೊಸ ಮಿತಿಗಿಂತ ಹೆಚ್ಚಿರಲಿ, ಮಧುಮೇಹ ಅಥವಾ ಕೊಬ್ಬಿನ ಯಕೃತ್ತು ಜೊತೆಗಿರಲಿ, ಕುಟುಂಬದಲ್ಲಿ ಯಕೃತ್ತಿನ ಕ್ಯಾನ್ಸರ್ ಅಥವಾ ಸಿರೋಸಿಸ್ ಇರಲಿ, ಡಿಎನ್‌ಎ ಪರೀಕ್ಷೆಯೇ ಸಿಗದ ಕಡೆ ಎಎಲ್‌ಟಿ ಸತತವಾಗಿ ಏರಿರಲಿ, ಔಷಧ ಆರಂಭಿಸಬಹುದು ಎಂಬುದು ಅದರ ನಿಲುವು. ಯುರೋಪಿನ ತಜ್ಞರ ಸಂಘವೂ 2017ರಲ್ಲೇ, ಇ ಆಂಟಿಜೆನ್ ಪಾಸಿಟಿವ್ ಆಗಿ ಡಿಎನ್‌ಎ ಬಹಳ ಹೆಚ್ಚಿರುವವರಿಗೆ 30 ವರ್ಷ ದಾಟಿದ್ದರೆ ಎಎಲ್‌ಟಿ ಸಹಜವಾಗಿದ್ದರೂ ಚಿಕಿತ್ಸೆ ಕೊಡಬಹುದೆಂದು ಹೇಳಿತ್ತು.

ಆರಂಭಿಸಬೇಕೆನ್ನುವವರ ವಾದಕ್ಕೆ ಬಲವಿದೆ. ವೈರಾಣುವಿನ ಡಿಎನ್‌ಎ ತುಣುಕುಗಳು ಯಕೃತ್ತಿನ ಕೋಶಗಳ ವರ್ಣತಂತುಗಳಲ್ಲಿ ಸೇರಿಕೊಳ್ಳುವ ಕೆಲಸ ಎಎಲ್‌ಟಿ ಏರುವುದಕ್ಕೆ ಮುಂಚೆಯೇ ನಡೆದಿರುತ್ತದೆ. ಸಿರೋಸಿಸ್ ಇಲ್ಲದೆಯೇ ಕ್ಯಾನ್ಸರ್ ಬರುವುದು ಈ ಸೋಂಕಿನ ವಿಶೇಷ ಗುಣ. ಈಗಿನ ಮಾತ್ರೆಗಳು ಬಹುತೇಕರಿಗೆ ತೊಂದರೆ ಕೊಡುವುದಿಲ್ಲ. ಕಾಯಬೇಕೆನ್ನುವವರು ಹೇಳುವುದರಲ್ಲೂ ಹುರುಳಿದೆ: ಒಮ್ಮೆ ಆರಂಭಿಸಿದ ಮಾತ್ರೆಯನ್ನು ಹಲವು ವರ್ಷ, ಬಹುಶಃ ಬದುಕಿರುವವರೆಗೂ ನುಂಗಬೇಕು, ನಡುವೆ ತಾವಾಗಿ ಬಿಟ್ಟುಬಿಟ್ಟರೆ ಸೋಂಕು ಕೆರಳಿ ಯಕೃತ್ತೇ ಸೋಲಬಹುದು, 20ರ ಹರೆಯದಲ್ಲಿ ತೊಂದರೆಯೇ ಇಲ್ಲದವರು ದಿನವೂ ಮಾತ್ರೆ ತೆಗೆದುಕೊಳ್ಳುವುದನ್ನು ವರ್ಷಗಟ್ಟಲೆ ಪಾಲಿಸುವುದು ಅಷ್ಟು ಸುಲಭವಲ್ಲ. ಎರಡನ್ನೂ ತೂಗಿದಾಗ ನನಗೆ ಸರಿಯೆನಿಸುವುದು ಇದು. 30 ದಾಟಿದವರು, ಕುಟುಂಬದಲ್ಲಿ ಕ್ಯಾನ್ಸರ್ ಕಂಡವರು, ಫೈಬ್ರೊಸ್ಕ್ಯಾನ್ ಅಳತೆ ವರ್ಷದಿಂದ ವರ್ಷಕ್ಕೆ ಮೇಲೇರುತ್ತಿರುವವರು ಆರಂಭಿಸುವ ಕಡೆಗೆ ವಾಲುವುದು ಒಳ್ಳೆಯದು. ಯಕೃತ್ತು ಮೆತ್ತಗಿದ್ದು ಎಎಲ್‌ಟಿ ಸಹಜವಾಗಿರುವ ಕಿರಿಯರು, ತಪಾಸಣೆಗೆ ತಪ್ಪದೆ ಬರುವವರಾದರೆ, ಕಾಯಬಹುದು. ತಪಾಸಣೆಗೆ ಮತ್ತೆ ಬರುವುದೇ ಅನುಮಾನ ಎಂಬಂಥವರ ವಿಷಯದಲ್ಲಿ ‘ಕಾಯೋಣ’ ಎನ್ನುವುದು ಹೆಸರಿಗಷ್ಟೇ ಆಯ್ಕೆ. ಅವರಿಗೆ ಮಾತ್ರೆಯೇ ಹೆಚ್ಚು ಸುರಕ್ಷಿತವೆಂದು ಮೊದಲಿಗೆ ಅನಿಸೀತು, ಆದರೆ ಅದನ್ನೂ ನಡುವೆ ಬಿಡುವ ಭಯವಿದೆ. ಇಂಥಲ್ಲಿ ಔಷಧಕ್ಕಿಂತ ಮೊದಲು ಮಾತುಕತೆಗೆ ಸಮಯ ಕೊಡಬೇಕು.

ಇಂಜೆಕ್ಷನ್ನೋ, ಮಾತ್ರೆಯೋ

ರೋಗನಿರೋಧಕ ವ್ಯವಸ್ಥೆಯನ್ನು ಚುರುಕುಗೊಳಿಸುವ ಪೆಗಿಲೇಟೆಡ್ ಇಂಟರ್‌ಫೆರಾನ್ ವಾರಕ್ಕೊಂದು ಇಂಜೆಕ್ಷನ್ನಿನಂತೆ 48 ವಾರಗಳ ಚಿಕಿತ್ಸೆ. ಅವಧಿ ನಿಶ್ಚಿತ ಎಂಬುದೇ ಅದರ ದೊಡ್ಡ ಆಕರ್ಷಣೆ. ಇ ಆಂಟಿಜೆನ್ ಪಾಸಿಟಿವ್ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಆ ಆಂಟಿಜೆನ್ ಹೋಗಿ ಪ್ರತಿಕಾಯ ಮೂಡುತ್ತದೆ, ವೈರಾಣುವಿನ ‘ಎ’ ಜೀನೋಟೈಪ್ (ತಳಿ) ಇದ್ದವರಲ್ಲಿ ಫಲ ಇನ್ನೂ ಉತ್ತಮ. ಆದರೆ ಜ್ವರ, ಮೈಕೈ ನೋವು, ರಕ್ತಕಣಗಳ ಕುಸಿತ, ಥೈರಾಯ್ಡ್ ತೊಂದರೆ, ಖಿನ್ನತೆ ಇವೆಲ್ಲ ಆ ಒಂದು ವರ್ಷದ ಜೊತೆಗಾರರು. ಯಕೃತ್ತು ಸೋತವರಿಗೆ, ಗರ್ಭಿಣಿಯರಿಗೆ, ತೀವ್ರ ಮಾನಸಿಕ ಕಾಯಿಲೆ ಅಥವಾ ಸ್ವಯಂನಿರೋಧಕ ರೋಗ ಇರುವವರಿಗೆ ಇದು ನಿಷಿದ್ಧ. ಸಿರೋಸಿಸ್ ಇಲ್ಲದ, ಎಎಲ್‌ಟಿ ಚೆನ್ನಾಗಿ ಏರಿರುವ, ಮಾತ್ರೆಗೆ ವರ್ಷಗಟ್ಟಲೆ ಕಟ್ಟುಬೀಳಲು ಒಲ್ಲದ ಕಿರಿಯರಿಗೆ ಮಾತ್ರ ಇದು ಯೋಚಿಸಬಹುದಾದ ದಾರಿ.

ಉಳಿದವರಿಗೆ ಮಾತ್ರೆ. ಮಾತ್ರೆಗಳು ವೈರಾಣುವಿನ ವೃದ್ಧಿಯನ್ನು ತಡೆಯುತ್ತವೆಯೇ ಹೊರತು ಕೋಶಕೇಂದ್ರದಲ್ಲಿ ಉಂಗುರದಂತೆ ಸುತ್ತಿಕೊಂಡು ಕುಳಿತ ಅದರ ಮೂಲ ಡಿಎನ್‌ಎಯನ್ನು ಮುಟ್ಟುವುದಿಲ್ಲ, ಆದ್ದರಿಂದಲೇ ಅವುಗಳಿಂದ ಎಚ್‌ಬಿಎಸ್ ಆಂಟಿಜೆನ್ ಮಾಯವಾಗುವುದು ಅಪರೂಪ. 1998ರಲ್ಲಿ ಬಂದ ಲ್ಯಾಮಿವುಡಿನ್ ಈಗ ಮೊದಲ ಆಯ್ಕೆಯಲ್ಲ. ಐದು ವರ್ಷ ಅದೊಂದನ್ನೇ ತೆಗೆದುಕೊಂಡವರಲ್ಲಿ ಸುಮಾರು 70 ಶೇಕಡಾ ಮಂದಿಯಲ್ಲಿ ವೈರಾಣು ಅದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ಅಡೆಫೊವಿರ್, ಟೆಲ್ಬಿವುಡಿನ್‌ಗಳ ಕಾಲವೂ ಮುಗಿದಿದೆ. ನಿಜವಾದ ಹೋಲಿಕೆ ಇರುವುದು ಎಂಟೆಕಾವಿರ್, ಟಿಡಿಎಫ್ ಮತ್ತು ಟಿಎಎಫ್ ಎಂಬ ಮೂರರ ನಡುವೆ. ಕೊನೆಯ ಎರಡೂ ಟೆನೊಫೊವಿರ್‌ನ ರೂಪಗಳೇ.

ಎಂಟೆಕಾವಿರ್ ದಿನಕ್ಕೆ 0.5 ಮಿಲಿಗ್ರಾಂ, ಊಟಕ್ಕೂ ಅದಕ್ಕೂ ಹಿಂದೆ ಮುಂದೆ ಎರಡೆರಡು ಗಂಟೆಯ ಅಂತರವಿರಬೇಕು. ಮೊದಲ ಬಾರಿ ಔಷಧ ತೆಗೆದುಕೊಳ್ಳುವವರಲ್ಲಿ ಐದು ವರ್ಷಕ್ಕೆ ಪ್ರತಿರೋಧ ಕೇವಲ 1 ಶೇಕಡದ ಆಸುಪಾಸು. ಆದರೆ ಹಿಂದೆ ಲ್ಯಾಮಿವುಡಿನ್‌ಗೆ ಪ್ರತಿರೋಧ ಬಂದಿದ್ದವರಲ್ಲಿ ಅದು ಅರ್ಧಕ್ಕರ್ಧ. ಅಂಥವರಿಗೆ ಟೆನೊಫೊವಿರ್‌ನ ಯಾವುದಾದರೂ ಒಂದು ರೂಪವೇ ಸರಿ. ವೈದ್ಯರ ಬಳಿ ಹಳೆಯ ಔಷಧಗಳ ಚೀಟಿಗಳನ್ನೂ ಒಯ್ಯಬೇಕಾದದ್ದು ಈ ಕಾರಣಕ್ಕೆ. ಎಚ್‌ಐವಿ ಇರುವವರಿಗೆ ಎಂಟೆಕಾವಿರ್ ಒಂದನ್ನೇ ಕೊಟ್ಟರೆ ಎಚ್‌ಐವಿ ವೈರಾಣುವಿನಲ್ಲಿ ಪ್ರತಿರೋಧ ಹುಟ್ಟುತ್ತದೆ. ಅವರಿಗೆ ಟೆನೊಫೊವಿರ್ ಒಳಗೊಂಡ ಪೂರ್ಣ ಎಚ್‌ಐವಿ ಚಿಕಿತ್ಸೆಯೇ ಬೇಕು.

ಟಿಡಿಎಫ್ ದಿನಕ್ಕೆ 300 ಮಿಲಿಗ್ರಾಂ. ಗರ್ಭಿಣಿಯರಲ್ಲಿ ಅತಿ ಹೆಚ್ಚು ಅನುಭವವಿರುವ ಔಷಧ ಇದು, ಪ್ರತಿರೋಧದ ಚಿಂತೆ ಬಹುತೇಕ ಇಲ್ಲ. ಇದರ ದೌರ್ಬಲ್ಯ ಮೂತ್ರಪಿಂಡ ಮತ್ತು ಮೂಳೆ: ಕೆಲವರಲ್ಲಿ ಮೂತ್ರಪಿಂಡದ ಕ್ರಿಯೆ ಸೂಚಿಸುವ ಕ್ರಿಯಾಟಿನಿನ್ ಏರುತ್ತದೆ, ರಕ್ತದ ಫಾಸ್ಫೇಟ್ ಇಳಿಯುತ್ತದೆ, ಮೂಳೆಯ ಸಾಂದ್ರತೆ ತಗ್ಗುತ್ತದೆ. 2016ರಲ್ಲಿ ಒಪ್ಪಿಗೆ ಪಡೆದ ಟಿಎಎಫ್ ಈ ಕೊರತೆಯನ್ನು ತುಂಬಲೆಂದೇ ಬಂದದ್ದು. 25 ಮಿಲಿಗ್ರಾಂ ಸಾಕಾಗುವುದರಿಂದ ರಕ್ತದಲ್ಲಿ ಟೆನೊಫೊವಿರ್ ಪ್ರಮಾಣ ಬಹಳ ಕಡಿಮೆ. ಊಟದೊಂದಿಗೆ ತೆಗೆದುಕೊಳ್ಳಬೇಕು. ಕೊಲೆಸ್ಟೆರಾಲ್ ಮತ್ತು ತೂಕ ಸ್ವಲ್ಪ ಏರುವುದುಂಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ಮತ್ತು ಕಾರ್ಬಮಜೆಪಿನ್ ಇದರ ಬಲ ಕುಗ್ಗಿಸುತ್ತವೆ.

ಹೀಗಾಗಿ 60 ದಾಟಿದವರಿಗೆ, ಮೂಳೆ ಸವೆದವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಎಂಟೆಕಾವಿರ್ ಅಥವಾ ಟಿಎಎಫ್; ಮಗು ಬಯಸುವ ಮಹಿಳೆಯರಿಗೆ ಟಿಡಿಎಫ್; ಬೇರೆ ತೊಡಕಿಲ್ಲದ ಮಧ್ಯವಯಸ್ಕರಿಗೆ ಮೂರರಲ್ಲಿ ಯಾವುದು ಸುಲಭವಾಗಿ ಮತ್ತು ನಿರಂತರವಾಗಿ ಸಿಗುವುದೋ ಅದು. ಟೆನೊಫೊವಿರ್ ತೆಗೆದುಕೊಂಡವರಿಗೆ ಎಂಟೆಕಾವಿರ್‌ನವರಿಗಿಂತ ಕ್ಯಾನ್ಸರ್ ಕಡಿಮೆ ಎಂದು 2019ರಲ್ಲಿ ಕೊರಿಯಾದ ಅಧ್ಯಯನವೊಂದು ಹೇಳಿದ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ನಂತರದ ಅಧ್ಯಯನಗಳು ಒಂದೇ ದಿಕ್ಕಿಗೆ ಬೆರಳು ತೋರಿಸಿಲ್ಲ. ಅದೊಂದನ್ನೇ ಕಾರಣ ಮಾಡಿಕೊಂಡು, ಎಂಟೆಕಾವಿರ್‌ನಲ್ಲಿ ಚೆನ್ನಾಗಿರುವವರು ಔಷಧ ಬದಲಿಸುವ ಅಗತ್ಯ ನನಗೆ ಕಾಣದು.

ಗರ್ಭಿಣಿಯರು, ಮತ್ತು ಬೇರೆ ಚಿಕಿತ್ಸೆಗೆ ಹೊರಟವರು

ಗರ್ಭಿಣಿಯ ಡಿಎನ್‌ಎ 2 ಲಕ್ಷ ಐಯು ಅಥವಾ ಹೆಚ್ಚಿದ್ದರೆ, ಆಕೆಯ ಯಕೃತ್ತಿಗೆ ಚಿಕಿತ್ಸೆ ಬೇಕಿರದಿದ್ದರೂ ಮಗುವಿಗೆ ಸೋಂಕು ದಾಟದಿರಲೆಂದು ಎರಡನೇ ಅಥವಾ ಮೂರನೇ ತ್ರೈಮಾಸಿಕದಲ್ಲಿ ಟಿಡಿಎಫ್ ಕೊಡುತ್ತಾರೆ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಮೊದಲ ಲಸಿಕೆ, ಲಭ್ಯವಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೀಳಬೇಕು. ಮಾತ್ರೆಯೊಂದೇ ಸಾಲದು, ಲಸಿಕೆಗೆ ಬದಲಿಯೂ ಅಲ್ಲ. ಎದೆಹಾಲು ಉಣಿಸಲು ಅಡ್ಡಿಯಿಲ್ಲ.

ಕ್ಯಾನ್ಸರ್‌ಗೋ ಕೀಲುರೋಗಕ್ಕೋ ಚಿಕಿತ್ಸೆ ಪಡೆಯಲಿರುವವರ ಕಥೆ ಬೇರೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧ ಕೊಡುವಾಗ, ಎಚ್‌ಬಿಎಸ್ ಆಂಟಿಜೆನ್ ನೆಗೆಟಿವ್ ಆಗಿದ್ದು ಹಿಂದೆಂದೋ ತಗುಲಿದ ಸೋಂಕಿನ ಗುರುತಾದ ಕೋರ್ ಪ್ರತಿಕಾಯ ಮಾತ್ರ ಇರುವವರಲ್ಲೂ ಮಲಗಿದ್ದ ವೈರಾಣು ಎದ್ದುಬಿಡಬಹುದು. ಇಲ್ಲಿ ‘ಏರಿದಾಗ ನೋಡೋಣ’ ಎನ್ನುವುದಕ್ಕಿಂತ ಮೊದಲೇ ಎಂಟೆಕಾವಿರ್ ಅಥವಾ ಟೆನೊಫೊವಿರ್ ಆರಂಭಿಸುವುದೇ ಲೇಸು. ಆ ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ 12 ತಿಂಗಳು, ರಿಟುಕ್ಸಿಮ್ಯಾಬ್ ಆಗಿದ್ದರೆ 18 ತಿಂಗಳು ಮಾತ್ರೆ ಮುಂದುವರಿಯುತ್ತದೆ.

ನಿಲ್ಲಿಸುವ ಪ್ರಶ್ನೆ

ಎಚ್‌ಬಿಎಸ್ ಆಂಟಿಜೆನ್ ಮಾಯವಾಗಿ, ಅದು ಮರುಪರೀಕ್ಷೆಯಲ್ಲೂ ಖಚಿತವಾದರೆ ಮಾತ್ರೆ ನಿಲ್ಲಿಸುವುದಕ್ಕೆ ಸಾಮಾನ್ಯವಾಗಿ ಯಾರ ವಿರೋಧವೂ ಇಲ್ಲ. ಇ ಆಂಟಿಜೆನ್ ಹೋಗಿ ಪ್ರತಿಕಾಯ ಬಂದವರಿಗೆ, ಡಿಎನ್‌ಎ ಪತ್ತೆಯಾಗದ ಸ್ಥಿತಿಯಲ್ಲಿ ಇನ್ನೂ ಕನಿಷ್ಠ 12 ತಿಂಗಳು ಮುಂದುವರಿಸಿ ನಿಲ್ಲಿಸುವ ಅವಕಾಶವಿದೆ. ಆದರೂ ಅನೇಕರಲ್ಲಿ ವೈರಾಣು ಮರಳುತ್ತದೆ. ಮೊದಲಿನಿಂದಲೂ ಇ ಆಂಟಿಜೆನ್ ನೆಗೆಟಿವ್ ಇದ್ದವರಲ್ಲಿ ಮೂರು ವರ್ಷ ಡಿಎನ್‌ಎ ಪತ್ತೆಯಾಗದಿದ್ದರೆ ನಿಲ್ಲಿಸಿ ನೋಡಬಹುದೆಂದು ಯುರೋಪಿನ 2017ರ ಮಾರ್ಗಸೂಚಿ ಹೇಳಿತ್ತಾದರೂ, ಮೊದಲ ಒಂದು ವರ್ಷ ಅಡಿಗಡಿಗೆ ರಕ್ತಪರೀಕ್ಷೆಗೆ ಬರಲು ಸಿದ್ಧರಿರುವ, ಸಿರೋಸಿಸ್ ಇಲ್ಲದವರಿಗಷ್ಟೇ ಆ ಮಾತು ಅನ್ವಯ. ಸಿರೋಸಿಸ್ ಇರುವವರು ಮಾತ್ರೆ ನಿಲ್ಲಿಸುವ ಪ್ರಯೋಗಕ್ಕೆ ಕೈಹಾಕಬಾರದು. ಕೆರಳಿದ ಸೋಂಕನ್ನು ತಾಳುವಷ್ಟು ಯಕೃತ್ತು ಅವರಲ್ಲಿ ಉಳಿದಿರುವುದಿಲ್ಲ.

ಕಾದವರಿಗೂ, ಮಾತ್ರೆ ತೆಗೆದುಕೊಳ್ಳುವವರಿಗೂ, ನಿಲ್ಲಿಸಿದವರಿಗೂ ಸಮಾನವಾಗಿ ಉಳಿಯುವುದು ಕ್ಯಾನ್ಸರ್‌ನ ಕಣ್ಗಾವಲು. ಸಿರೋಸಿಸ್ ಇರುವ ಎಲ್ಲರಿಗೂ, ಕುಟುಂಬದಲ್ಲಿ ಯಕೃತ್ತಿನ ಕ್ಯಾನ್ಸರ್ ಇದ್ದವರಿಗೂ, ಏಷ್ಯಾ ಮೂಲದ ಜನರಲ್ಲಿ 40 ದಾಟಿದ ಗಂಡಸರಿಗೂ 50 ದಾಟಿದ ಹೆಂಗಸರಿಗೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಸಾಧ್ಯವಾದರೆ ಜೊತೆಗೆ ಆಲ್ಫಾ ಫೀಟೊಪ್ರೋಟೀನ್ (ಯಕೃತ್ತಿನ ಕ್ಯಾನ್ಸರ್‌ನ ಸುಳಿವು ಕೊಡಬಲ್ಲ ರಕ್ತದ ಪ್ರೋಟೀನು) ಪರೀಕ್ಷೆ ಮಾಡಿಸಬೇಕೆಂದು ಸಲಹೆಯಿದೆ. ಮಾತ್ರೆಗಳು ಕ್ಯಾನ್ಸರ್‌ನ ಅಪಾಯವನ್ನು ತಗ್ಗಿಸುತ್ತವೆ, ಸೊನ್ನೆಗೆ ಇಳಿಸುವುದಿಲ್ಲ. ಸಿರೋಸಿಸ್ ಬಂದ ಮೇಲೆ ಎಚ್‌ಬಿಎಸ್ ಆಂಟಿಜೆನ್ ಮಾಯವಾದವರೂ ಈ ಆರು ತಿಂಗಳ ಅಲ್ಟ್ರಾಸೌಂಡನ್ನು ಮುಂದುವರಿಸಬೇಕು.